ಸಾಬೂನು ಹಚ್ಚಿದ ಟ್ಯಾಂಕು ಎಷ್ಟು ದಿನ?

ಬೋಟಿನ ಡೀಸೆಲ್ ಟ್ಯಾಂಕಿಗೆ ತೂತು ಬಿದ್ದರೆ ನಮ್ಮಲ್ಲಿ ಮೊದಲು ಹುಡುಕುವುದು ಬಟ್ಟೆ ಒಗೆಯುವ ಬಾರ್ ಸೋಪನ್ನು. ಅದನ್ನು ಬೆರಳಲ್ಲಿ ನಾದಿ ತೂತಿಗೆ ಒತ್ತಿದರೆ ಸೋರುವುದು ನಿಲ್ಲುತ್ತದೆ. ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ, ಅದಕ್ಕೇ ಆ ಉಪಾಯ. ಅಂದಿನ ದಿನ ದಕ್ಕೆಗೆ ವಾಪಸು ಬಂದು ಮುಟ್ಟಲಿಕ್ಕೆ ಅದು ಒಳ್ಳೆಯ ಉಪಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಅಂದಿನ ದಿನಕ್ಕೆ ಹಚ್ಚಿದ ಸೋಪಿನಲ್ಲಿ ನಾವು ಎರಡು ಸೀಸನ್ ತೆಗೆದೆವು. ಸೋಪಿನ ಮೇಲೆ ಎಂ-ಸೀಲ್, ಎಂ-ಸೀಲ್ ಮೇಲೆ ರಬ್ಬರ್ ತುಂಡು, ಅದರ ಮೇಲೆ ತಗಡಿನ ಪಟ್ಟಿ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ನಾವೆಂದರೆ ಮೂರು ಮನೆಯವರು. ಅಣ್ಣತಮ್ಮ ಇಬ್ಬರು, ತಂಗಿಯ ಗಂಡ ಒಬ್ಬರು. ಮೂವರಿಗೂ ಸಮಪಾಲಿನ ಒಂದು ಸಣ್ಣ ಮರದ ಟ್ರಾಲ್ ಬೋಟು. ಬೆಳಗ್ಗಿನ ಜಾವ ಹೋಗಿ ಸಂಜೆ ಬರುವಂಥದ್ದು, ವಾರಗಟ್ಟಲೆ ಕಡಲಲ್ಲಿ ನಿಲ್ಲುವ ದೊಡ್ಡ ಬೋಟು ಅಲ್ಲ. ಸೆಕೆಂಡ್ ಹ್ಯಾಂಡ್ ತೆಗೆದದ್ದು. ತೆಗೆಯುವಾಗ ಇಂಜಿನ್ ಸ್ಟಾರ್ಟ್ ಮಾಡಿ ನೋಡಿದೆವು, ಹಲಗೆ ಬಡಿದು ನೋಡಿದೆವು, ಬಲೆ ಬಿಡಿಸಿ ನೋಡಿದೆವು. ಟ್ಯಾಂಕು ಎಷ್ಟು ವರ್ಷದ್ದು ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಅದು ಡೆಕ್ಕಿನ ಅಡಿ ಕತ್ತಲೆಯಲ್ಲಿ ಇತ್ತು. ಕಣ್ಣಿಗೆ ಕಾಣದ್ದಕ್ಕೆ ವಯಸ್ಸು ಯಾರು ಕೇಳುತ್ತಾರೆ?

ಈ ಮಾತನ್ನು ಇಲ್ಲಿ ಬರೆಯಲಿಕ್ಕೆ ಕಾರಣ ಅಳಿವೆಬಾಗಿಲು. ನೇತ್ರಾವತಿಯೂ ಫಲ್ಗುಣಿಯೂ ಸೇರಿ ಕಡಲಿಗೆ ಬೀಳುವ ಆ ಜಾಗ ಬೆಂಗ್ರೆಯವರಿಗೆ, ಉಳ್ಳಾಲದವರಿಗೆ ಹೇಳಿ ಕೊಡಬೇಕಾಗಿಲ್ಲ. ಮರಳು ದಿಬ್ಬ, ಅದರ ಮೇಲೆ ಒಡೆಯುವ ತೆರೆ, ಒಂದು ಬದಿಯಿಂದ ಹೊಳೆಯ ನೀರು, ಇನ್ನೊಂದು ಬದಿಯಿಂದ ಕಡಲು. ಅಲ್ಲಿ ಬೋಟಿಗೆ ಇಂಜಿನಿನ ಬಲ ಇದ್ದರೆ ಮಾತ್ರ ದಾರಿ. ಮೇ ತಿಂಗಳ ಕೊನೆಗೆ, ಗಾಳಿ ಎದ್ದ ಒಂದು ಸಂಜೆ, ನಮ್ಮ ಬೋಟಿನ ಇಂಜಿನ್ ಸರಿಯಾಗಿ ಆ ಬಾಗಿಲಲ್ಲೇ ನಿಂತಿತು. ಎರಡು ಸಲ ಕೆಮ್ಮಿತು, ನಿಂತಿತು. ಬೋಟಿನಲ್ಲಿ ಐದು ಜನ. ಹಿಂದಿನಿಂದ ಬರುತ್ತಿದ್ದ ಬೋಟಿನವರು ಹಗ್ಗ ಬಿಸಾಡಿ ಎಳೆದು ತಂದರು. ಐದು ನಿಮಿಷ ತಡವಾಗಿದ್ದರೆ ಬೋಟು ಅಡ್ಡ ತಿರುಗಿ ದಿಬ್ಬಕ್ಕೆ ಹೊಡೆಯುತ್ತಿತ್ತು ಅಂತ ತಂಡೇಲರು ದಕ್ಕೆಗೆ ಇಳಿದ ಮೇಲೆ ಹೇಳಿದರು. ಹೇಳಿ ಸುಮ್ಮನೆ ಕೂತರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರ ಆಗುತ್ತಿತ್ತೋ ಏನೋ.

ಮೆಕ್ಯಾನಿಕ್ ಬಂದು ಫಿಲ್ಟರ್ ಬಿಚ್ಚಿದರೆ ಒಳಗೆ ಕಪ್ಪು ಲೋಳೆ, ಜೊತೆಗೆ ಕೆಂಪು ತುಕ್ಕಿನ ಹುಡಿ. ಇಂಜಿನಿಗೆ ಎಂತದೂ ಆಗಿರಲಿಲ್ಲ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆ ತೆರೆಯ ಹೊಡೆತಕ್ಕೆ ಕದಡಿ ಎದ್ದು ಪೈಪಿಗೆ ಹೋಗಿ ಡೀಸೆಲ್ ದಾರಿ ಕಟ್ಟಿತ್ತು. ಹಳೆ ಟ್ಯಾಂಕಿನ ಕೆಡುಕು ಇದು. ಕಡಲು ಶಾಂತ ಇರುವಾಗ ಕೊಳೆ ತಳದಲ್ಲೇ ಮಲಗಿರುತ್ತದೆ, ಬೋಟು ಚೆಂದಕ್ಕೆ ಓಡುತ್ತದೆ. ಕಡಲು ಏಳುವಾಗ ಅದೂ ಏಳುತ್ತದೆ. ಹಾಗಾಗಿ ಇಂಜಿನ್ ನಿಲ್ಲುವುದು ದಕ್ಕೆಯಲ್ಲಿ ಅಲ್ಲ, ನಿಲ್ಲಲೇಬಾರದ ಜಾಗದಲ್ಲಿ.

ಈ ಕೊಳೆ ಬರುವುದು ಎಲ್ಲಿಂದ? ನಾವೂ ಬಂಕಿನವರು ಕಲಬೆರಕೆ ಕೊಟ್ಟಿದ್ದಾರೆ ಅಂತಲೇ ಮೊದಲು ಹೇಳಿದೆವು. ಅದು ಸುಲಭದ ಮಾತು. ಅರ್ಧ ಖಾಲಿ ಟ್ಯಾಂಕಿನಲ್ಲಿ ಮೇಲಿನ ಅರ್ಧ ಗಾಳಿ. ಆ ಗಾಳಿಯಲ್ಲಿ ನಮ್ಮ ಕರಾವಳಿಯ ತೇವ ಎಲ್ಲ ಇದೆ. ರಾತ್ರಿ ತಗಡು ತಣ್ಣಗಾದಾಗ ಒಳಗೆ ಬೆವರುತ್ತದೆ, ಹನಿ ಇಳಿಯುತ್ತದೆ. ಡೀಸೆಲ್ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 830 ಗ್ರಾಂ ತೂಗುತ್ತದೆ. ಆದ್ದರಿಂದ ನೀರು ತಳಕ್ಕೆ ಹೋಗಿ ಕೂರುತ್ತದೆ. ನೀರಿಗೂ ಡೀಸೆಲ್‌ಗೂ ನಡುವಿನ ಗೆರೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ಕಪ್ಪು ಲೋಳೆ ಅವುಗಳದ್ದು. ತಳದ ನೀರು ಒಳಗಿನಿಂದ ತಗಡು ತಿನ್ನುತ್ತದೆ. ಹೊರಗಿನಿಂದ ಬೋಟಿನ ತಳದ ಉಪ್ಪುನೀರು ತಿನ್ನುತ್ತದೆ. ಎರಡು ಬದಿಯಿಂದ ತಿಂದರೆ ಉಳಿಯುವುದು ಎಷ್ಟು?

ಹಾಗಾಗಿ ಒಂದು ತೂತು ಕಂಡರೆ ಅದನ್ನು ಒಂದೇ ತೂತು ಅಂತ ಲೆಕ್ಕ ಹಾಕಬೇಡಿ. ನಮ್ಮ ಟ್ಯಾಂಕು ಹೊರಗೆ ತೆಗೆದ ದಿನ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳಕ್ಕೆ ಒತ್ತಿದ ಹಾಗೆ ಒಳಗೆ ಹೋಯಿತು. ಅದೂ ಸೋಪು ಹಚ್ಚಿದ ಜಾಗದಲ್ಲಿ ಅಲ್ಲ, ಒಂದಡಿ ಆಚೆ.

ಈಗ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಹಳೆ ಸಣ್ಣ ಬೋಟು ಇರುವ ಮನೆಯವರು ಟ್ಯಾಂಕಿಗೆ ತೇಪೆ ಹಾಕುವುದನ್ನು ನಿಲ್ಲಿಸಬೇಕು, ಟ್ಯಾಂಕನ್ನೇ ಬದಲಿಸಬೇಕು. ಅದನ್ನು ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧದಲ್ಲೇ ಮಾಡಬೇಕು. ಬೋಟು ಮೇಲೆ ಇರುವುದು ಆಗ ಮಾತ್ರ. ಆಗಸ್ಟ್ ಒಂದಕ್ಕೆ ಎಲ್ಲರೂ ಕಡಲಿಗೆ ಇಳಿಯುವಾಗ ನಮ್ಮದು ಮಾತ್ರ ವೆಲ್ಡಿಂಗ್ ಅಂಗಡಿಯ ಎದುರು ಕಾಯಬೇಕಾದರೆ ಯಾರಿಗೂ ಮನಸ್ಸು ತಡೆಯುವುದಿಲ್ಲ, ಮತ್ತೆ ಸೋಪೇ ಗತಿ.

ದುಡ್ಡಿನ ಮಾತು ನಮಗೆ ಗೊತ್ತಿಲ್ಲದ್ದಲ್ಲ. ಜೂನ್‌ನಲ್ಲಿ ದುಡಿಮೆ ಇಲ್ಲ. ಅದೇ ಜೂನ್‌ನಲ್ಲಿ ಶಾಲೆ ಶುರು, ಫೀಸು, ಪುಸ್ತಕ, ಕೊಡೆ. ಮಳೆಗೆ ಮಾಡಿನ ಹಂಚು ಜಾರಿದ್ದನ್ನು ನೋಡಬೇಕು. ಇದರ ನಡುವೆ ಟ್ಯಾಂಕಿನ ಹೆಸರು ಎತ್ತಿದರೆ ಮನೆಯಲ್ಲಿ "ಈ ವರ್ಷ ಹೇಗಾದರೂ ಹೋಗ್ಲಿ" ಅಂತಲೇ ಬರುತ್ತದೆ. ಆದರೆ ಅದೇ ವರ್ಷ ನಾವು ಬೋಟಿಗೆ ಹೊಸ ಬಣ್ಣ ಬಳಿಸಿದ್ದೆವು. ಹೆಸರನ್ನು ಎರಡು ಬಣ್ಣದಲ್ಲಿ ಬರೆಸಿದ್ದೆವು. ಸುತ್ತ ಎಲ್‌ಇಡಿ ಬಲ್ಬಿನ ಮಾಲೆ, ಸ್ಪೀಕರ್. ಅದೆಲ್ಲ ದಕ್ಕೆಯಲ್ಲಿ ನಿಂತವರಿಗೆ ಕಾಣುತ್ತದೆ. ಟ್ಯಾಂಕು ಯಾರಿಗೆ ಕಾಣುತ್ತದೆ? ಹೊಸ ಟ್ಯಾಂಕಿಗೆ, ಬಡಗಿಯ ಕೂಲಿಗೆ, ಪೈಪಿಗೆ ಎಲ್ಲ ಸೇರಿ ನಮಗೆ ತಗಲಿದ್ದು ಒಂದು ಪವನ್ ಚಿನ್ನದ ಬೆಲೆಗಿಂತ ಕಡಿಮೆ. ತಂಗಿ ಲೆಕ್ಕ ಹಾಕಿ ತೋರಿಸಿದ ಮೇಲೆ ನಾವು ಮೂವರೂ ಬಾಯಿ ಮುಚ್ಚಿದೆವು.

ಸೋರಿಕೆಯ ಲೆಕ್ಕವನ್ನೂ ಅವಳೇ ಹಾಕಿದ್ದು. ದಿನಕ್ಕೆ ಒಂದೇ ಲೀಟರ್ ಸೋರುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ ಬೋಟು ಹೋದರೆ 25 ಲೀಟರ್. ಲೀಟರಿಗೆ 85 ರೂಪಾಯಿ ಹಿಡಿದರೆ 2,125 ರೂಪಾಯಿ. ಹತ್ತು ತಿಂಗಳ ಸೀಸನ್‌ಗೆ 21,250. ತೆರಿಗೆ ವಿನಾಯಿತಿಯ ಡೀಸೆಲ್‌ಗೆ ಕಾಗದ ಪತ್ರ ಹಿಡಿದು ಅಲೆಯುವ ನಾವು, ಅಷ್ಟು ದುಡ್ಡನ್ನು ಬೋಟಿನ ತಳಕ್ಕೆ ಸುರಿದು ಪಂಪಿನಲ್ಲಿ ಹೊಳೆಗೆ ಬಿಟ್ಟಿದ್ದೆವು. ಅದೇ ಹೊಳೆಯಲ್ಲಿ ಜನ ಮರುವಾಯಿ ಹೆಕ್ಕುತ್ತಾರೆ. ಮರುವಾಯಿಗೆ ಸೀಮೆಎಣ್ಣೆ ವಾಸನೆ ಅಂತ ಉಮ್ಮ ಒಮ್ಮೆ ಬಟ್ಟಲು ದೂಡಿದಾಗ ನಾವು ಯಾರ್ಯಾರಿಗೋ ಬೈದಿದ್ದೆವು.

ಬೆಂಕಿಯ ಮಾತು ಬೇರೆಯೇ. ಡೀಸೆಲ್ ಪೆಟ್ರೋಲಿನ ಹಾಗೆ ತಟ್ಟನೆ ಹೊತ್ತಿಕೊಳ್ಳುವುದಿಲ್ಲ ಅನ್ನುವುದು ಸರಿ. ಆ ಧೈರ್ಯದಲ್ಲೇ ಎಲ್ಲರೂ ಇರುವುದು. ಆದರೆ ಇಂಜಿನ್ ಕೋಣೆಯಲ್ಲಿ ಸೋರಿದ ಡೀಸೆಲ್ ಹಳೆ ಬಟ್ಟೆಗೆ, ಮರಕ್ಕೆ ಹೀರಿಕೊಂಡು ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಅದಕ್ಕೆ ಬೆಂಕಿಕಡ್ಡಿ ಬೇಕಾಗಿಲ್ಲ. ಮರದ ಬೋಟಿಗೆ ಕಡಲಲ್ಲಿ ಬೆಂಕಿ ಬಿದ್ದರೆ ಓಡಲಿಕ್ಕೆ ಜಾಗ ಎಲ್ಲಿದೆ?

ನಮಗೆ ಎಲ್ಲಕ್ಕಿಂತ ಹೆಚ್ಚು ಕುಟುಕುವುದು ಇನ್ನೊಂದು. ಬೋಟಿನ ಪಾಲುದಾರರು ಮೂವರಲ್ಲಿ ಕಡಲಿಗೆ ಹೋಗುವುದು ಒಬ್ಬರು ಮಾತ್ರ. ಉಳಿದವರು ದಕ್ಕೆಯಲ್ಲಿ ಲೆಕ್ಕ ಬರೆಯುವವರು. ಬೋಟಿನಲ್ಲಿ ಇರುವ ಕಲಾಸಿಗಳು ಒಡಿಶಾದ, ಆಂಧ್ರದ ಹುಡುಗರು. ಟ್ಯಾಂಕು ಸೋರುವುದು ಅವರಿಗೆ ಮೊದಲು ಗೊತ್ತು, ಯಾಕೆಂದರೆ ಮಲಗುವುದು ಅದರ ಪಕ್ಕದಲ್ಲಿ. ಒಬ್ಬ ಹುಡುಗ ತಲೆ ಸುತ್ತುತ್ತದೆ ಅಂತ ಎರಡು ಸಲ ಹೇಳಿದ್ದನಂತೆ. "ಕಡಲು ಹೊಸತು, ಸರಿಯಾಗ್ತದೆ" ಅಂತ ನಾವೇ ಹೇಳಿ ಕಳಿಸಿದ್ದು. ಬೋಟಿಗೆ ಅಂತ ಪ್ರತಿ ಟ್ರಿಪ್ಪಿನಲ್ಲಿ ನಾವು ಪಾಲು ತೆಗೆಯುತ್ತೇವಲ್ಲ, ಆ ಪಾಲು ಯಾತಕ್ಕೆ? ಬೋಟು ಸರಿ ಇಡಲಿಕ್ಕೆ. ಅದನ್ನು ಮನೆಗೆ ಕೊಂಡು ಹೋಗಿ, ಸೋರುವ ಟ್ಯಾಂಕಿನ ಮೇಲೆ ಬೇರೆಯವರ ಮಕ್ಕಳನ್ನು ಮಲಗಿಸುವುದು ನ್ಯಾಯವಾ? ಈ ಪ್ರಶ್ನೆಗೆ ಉತ್ತರ ಹೇಳಲಿಕ್ಕೆ ದೊಡ್ಡ ವಿದ್ವಾಂಸರು ಬೇಡ. ಈಗ ನಾವು ಪಾಲು ಮಾಡುವ ಮೊದಲೇ ಟ್ರಿಪ್ಪಿಗೆ 200 ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತೇವೆ. ಸೀಸನ್‌ಗೆ 200 ಟ್ರಿಪ್ಪು ಆದರೆ 40,000. ಡಬ್ಬಿ ತಂಗಿಯ ಕೈಯಲ್ಲಿ ಉಂಟು. ಗಂಡಸರ ಕೈಯಲ್ಲಿ ಇದ್ದರೆ ಅದು ಸ್ಪೀಕರ್ ಆಗುತ್ತದೆ.

ಇನ್ನು ಕೆಲಸದ ವಿಷಯ. ಹಳೆ ಬೋಟಿನಲ್ಲಿ ಮೊದಲು ಟ್ಯಾಂಕು ಕೂರಿಸಿ ಆಮೇಲೆ ಡೆಕ್ಕು ಹೊಡೆದಿರುತ್ತಾರೆ. ಹಾಗಾಗಿ ತೆಗೆಯಲಿಕ್ಕೆ ದಾರಿ ಇರುವುದಿಲ್ಲ. ನಮಗೆ ಸಿಕ್ಕಿದ ಮೊದಲ ವೆಲ್ಡರ್ "ಒಳಗೇ ಗ್ಯಾಸ್ ಕಟ್ಟರ್‌ನಲ್ಲಿ ತುಂಡು ಮಾಡಿ ತೆಗೆಯುವ, ಒಂದು ಗಂಟೆ ಕೆಲಸ" ಅಂದ. ನಮ್ಮ ಭಾವನೂ ಒಪ್ಪಿದ್ದರು. ತಂಡೇಲರು ಮಾತ್ರ "ಆಗ್ಲಿಕ್ಕಿಲ್ಲ ಕಾಕ, ಬೋಟು ಹೋದರೆ ಹೋಗ್ಲಿ, ಜನ ಹೋದರೆ?" ಅಂತ ಅಡ್ಡ ನಿಂತರು. ಅವರು ಹೇಳಿದ್ದು ಸರಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ. ಗೋಡೆಗೆ ಅಂಟಿದ ಡೀಸೆಲ್, ಲೋಳೆ ಬಿಸಿ ತಾಗಿದ ಕೂಡಲೇ ಆವಿಯಾಗುತ್ತದೆ. ಆವಿಯೂ ಗಾಳಿಯೂ ಸೇರಿದ ಪೆಟ್ಟಿಗೆಗೆ ಕಿಡಿ ಕೊಟ್ಟರೆ ಅದು ಬಾಂಬು. ವೆಲ್ಡಿಂಗ್ ತೇಪೆಗೂ ಇದೇ ಮಾತು. ಬೋಟಿನ ಒಳಗೆ ಇಟ್ಟೇ ತೂತಿಗೆ ವೆಲ್ಡ್ ಮಾಡಿಸಿದ್ದೇವೆ, ಎಂತ ಆಗಲಿಲ್ಲ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಗದೆ ಇದ್ದದ್ದು ಅವರ ಪುಣ್ಯ.

ಕೊನೆಗೆ ಬಡಗಿಯನ್ನು ಕರೆಸಿ ಡೆಕ್ಕಿನ ನಾಲ್ಕು ಹಲಗೆ ಬಿಚ್ಚಿಸಿ ಟ್ಯಾಂಕನ್ನು ಇಡಿಯಾಗಿ ಮೇಲೆ ಎತ್ತಿದೆವು. ಎರಡು ದಿನ ಹೆಚ್ಚು ಹೋಯಿತು. ಆ ಹಲಗೆಯ ಅಡಿಯಲ್ಲಿ ಎರಡು ಪಕ್ಕೆಮರ ಕುಂಬಾದದ್ದು ಸಹ ಆಗಲೇ ಕಂಡದ್ದು, ಅದು ಬೇರೆ ಕತೆ.

ಹೊಸತು ಮಾಡಿಸುವಾಗ ನಾವು ಒಂದು ದೊಡ್ಡದರ ಬದಲು ಎರಡು ಸಣ್ಣದು ಮಾಡಿಸಿದೆವು. ನಮ್ಮ ಹಳೆಯದ್ದು ಮೂರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದರೆ 9 ಘನ ಅಡಿ. ಘನ ಅಡಿಗೆ 28.3 ಲೀಟರ್‌ನಂತೆ 255 ಲೀಟರ್. ಹೊಸತು ಒಂದೊಂದು ಎರಡೂವರೆ ಅಡಿ ಉದ್ದ, ಒಂದೂವರೆ ಅಗಲ, ಒಂದೂಕಾಲು ಎತ್ತರ. ಎರಡೂ ಸೇರಿ 265 ಲೀಟರ್ ಹಿಡಿಯುತ್ತದೆ. ಇಂಜಿನಿನ ಎಡಕ್ಕೆ ಒಂದು, ಬಲಕ್ಕೆ ಒಂದು. ಮುಂದೆ ಯಾವತ್ತಾದರೂ ತೆಗೆಯಬೇಕಾದರೆ ಡೆಕ್ಕಿನ ಬಾಯಿಯಿಂದಲೇ ಬರುತ್ತದೆ. ಒಂದರಲ್ಲಿ ಕೊಳೆ ಎದ್ದರೆ ಕಾಕು ತಿರುಗಿಸಿ ಇನ್ನೊಂದಕ್ಕೆ ಹೋಗಬಹುದು. ಅಳಿವೆಬಾಗಿಲಲ್ಲಿ ಆ ಕಾಕಿನ ಬೆಲೆ ಎಷ್ಟು ಅಂತ ನಮಗೆ ಗೊತ್ತು. ಒಂದು ಜಾಗ್ರತೆ: ಇಂಜಿನಿನಿಂದ ಉಳಿದ ಡೀಸೆಲ್ ವಾಪಸು ಬರುವ ಪೈಪು ಉಂಟಲ್ಲ, ಅದಕ್ಕೂ ಕಾಕು ಇಡಬೇಕು. ಎಳೆಯುವುದು ಒಂದರಿಂದ, ವಾಪಸು ಬಿಡುವುದು ಇನ್ನೊಂದಕ್ಕೆ ಆದರೆ ಒಂದು ಖಾಲಿ, ಇನ್ನೊಂದು ತುಂಬಿ ಹೊರಗೆ ಚೆಲ್ಲುತ್ತದೆ.

ಯಾವ ತಗಡು ಅನ್ನುವುದರಲ್ಲಿ ಹತ್ತು ಜನ ಹತ್ತು ಹೇಳುತ್ತಾರೆ. ಜಿಐ ಶೀಟು ತುಕ್ಕು ಹಿಡಿಯುವುದಿಲ್ಲ ಅಂತ ಅದಕ್ಕೆ ಹೋಗಬೇಡಿ, ಅದರ ಸತು ಡೀಸೆಲ್ ಜೊತೆ ಸೇರಿ ಸಾಬೂನಿನಂಥ ಜಿಗುಟು ಆಗುತ್ತದೆ, ಫಿಲ್ಟರ್ ಕಟ್ಟುತ್ತದೆ. ಮನೆಯ ಮೇಲೆ ಇಡುವ ಪ್ಲಾಸ್ಟಿಕ್ ನೀರಿನ ಟ್ಯಾಂಕು ಡೀಸೆಲ್‌ಗೆ ಮಾಡಿದ್ದಲ್ಲ, ಬೆಂಕಿಗಂತೂ ಕರಗಿಯೇ ಹೋಗುತ್ತದೆ. ಸ್ಟೀಲು ಚೆಂದ. ಆದರೆ ಅದರಲ್ಲೂ 304, 316 ಅಂತ ಉಂಟು, ಉಪ್ಪುನೀರಿಗೆ 316 ಮೇಲು. ಗಾಳಿಯಾಡದ ತೇವದ ಜಾಗದಲ್ಲಿ ವೆಲ್ಡಿನ ಹತ್ತಿರ ಸ್ಟೀಲಿಗೂ ಸೂಜಿತೂತು ಬೀಳುತ್ತದೆ. ನಮ್ಮ ಜೇಬಿಗೆ ಹಿಡಿಸಿದ್ದು ಸಾದಾ ಕಬ್ಬಿಣದ ದಪ್ಪ ಶೀಟು, ಹೊರಗೆ ಎಪಾಕ್ಸಿ ಬಣ್ಣ. ಒಳಗೆ ಬಣ್ಣ ಹಾಕಿಸಬಾರದು, ಎದ್ದು ಬಂದು ಪೈಪಿಗೆ ಹೋಗುತ್ತದೆ. ಕಬ್ಬಿಣವೂ ಸರಿಯಾಗಿ ಕೂರಿಸಿದರೆ ತುಂಬ ವರ್ಷ ಬರುತ್ತದೆ. ಟ್ಯಾಂಕು ಬೇಗ ಸಾಯುವುದು ಹೆಚ್ಚಾಗಿ ಕೂರಿಸಿದ ರೀತಿಯಿಂದ. ನಮ್ಮ ಹಳೆಯದರ ಅಡಿಗೆ ಗೋಣಿಚೀಲ ಹಾಸಿದ್ದರು. ಚೀಲ ಉಪ್ಪುನೀರು ಹೀರಿಕೊಂಡು ಹಗಲುರಾತ್ರಿ ತಳಕ್ಕೆ ಒತ್ತಿ ಹಿಡಿದಿತ್ತು. ಈಗ ಅಡ್ಡಮರ ಕೊಟ್ಟು, ಅದರ ಮೇಲೆ ರಬ್ಬರ್ ಪಟ್ಟಿ ಅಂಟಿಸಿ, ಸುತ್ತ ಕೈ ಹೋಗುವಷ್ಟು ಗಾಳಿ ಬಿಟ್ಟು ಕೂರಿಸಿದ್ದೇವೆ.

ವೆಲ್ಡರ್ ಹತ್ತಿರ ಕೇಳಿ ಮಾಡಿಸಿಕೊಳ್ಳಬೇಕಾದ್ದು ಇನ್ನೂ ಉಂಟು. ಒಳಗೆ ತೂತು ಇರುವ ಅಡ್ಡತಗಡು, ಇಲ್ಲದಿದ್ದರೆ ಬೋಟು ಹೊರಳುವಾಗ ಡೀಸೆಲ್ ಎಲ್ಲ ಒಂದೇ ಬದಿಗೆ ಬಡಿಯುತ್ತದೆ. ಮೇಲೆ ಕೈ ಹಾಕಿ ತೊಳೆಯುವಷ್ಟು ದೊಡ್ಡ ಮುಚ್ಚಳ. ತಳ ಒಂದು ಮೂಲೆಗೆ ಇಳಿಜಾರು, ಅಲ್ಲಿ ನೀರು ತೆಗೆಯುವ ಕಾಕು. ಗಾಳಿಪೈಪು ಡೆಕ್ಕಿನಿಂದ ಎತ್ತರಕ್ಕೆ ಹೋಗಿ ಕೊಕ್ಕರೆ ಕತ್ತಿನ ಹಾಗೆ ಕೆಳಗೆ ಬಾಗಬೇಕು, ತೆರೆಯ ನೀರು ಒಳಗೆ ಹೋಗಬಾರದು. ಡೀಸೆಲ್ ಬಂದ್ ಮಾಡುವ ವಾಲ್ವು ಇಂಜಿನ್ ಕೋಣೆಗೆ ಇಳಿಯದೆ ಮೇಲಿನಿಂದಲೇ ಕೈಗೆ ಸಿಗಬೇಕು, ಬೆಂಕಿ ಬಿದ್ದಾಗ ಯಾರು ಕೆಳಗೆ ಇಳಿಯುತ್ತಾರೆ? ಎಷ್ಟು ಡೀಸೆಲ್ ಉಂಟು ಅಂತ ನೋಡಲಿಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಪೈಪು ಬೇಡ, ಗುರುತು ಹಾಕಿದ ಕೋಲು ಸಾಕು.

ಬೋಟಿಗೆ ಇಳಿಸುವ ಮೊದಲು ಗಾಳಿ ಹಾಕಿ ಪರೀಕ್ಷೆ ಮಾಡಿಸಿ, ಸೋಪಿನ ನೊರೆ ಬಳಿದು ಗುಳ್ಳೆ ನೋಡಿ. ಸೋಪಿಗೆ ಟ್ಯಾಂಕಿನ ಹತ್ತಿರ ನ್ಯಾಯವಾದ ಕೆಲಸ ಇದೊಂದೇ. ಆದರೆ ಗಾಳಿ 3 ಪಿಎಸ್‌ಐಗಿಂತ ಹೆಚ್ಚು ಬೇಡ. ಬೈಕಿನ ಟಯರಿಗೆ ಹಾಕುವ ಹಾಗೆ ಹಾಕಲಿಕ್ಕೆ ಹೋದರೆ ಟ್ಯಾಂಕು ಉಬ್ಬಿ ಬಿರಿಯುತ್ತದೆ. ಮೂರಡಿಗೆ ಎರಡಡಿ ತಗಡಿನ ಮೇಲೆ 3 ಪಿಎಸ್‌ಐ ಅಂದರೇ ಒಂದು ಟನ್ನಿಗಿಂತ ಹೆಚ್ಚು ಭಾರ. ಟ್ಯಾಂಕಿನಿಂದ ಇಂಜಿನಿಗೆ ಹೋಗುವ ದಾರಿಯಲ್ಲಿ ನೀರು ಬೇರೆ ಮಾಡುವ ಫಿಲ್ಟರ್ ಒಂದು ಕಡ್ಡಾಯ, ಕೆಳಗಿನ ಬಟ್ಟಲಿನ ನೀರು ದಿನಾ ಬೆಳಗ್ಗೆ ತೆಗೆಯಬೇಕು. ಮಳೆಗಾಲಕ್ಕೆ ಬೋಟು ಕಟ್ಟುವಾಗ ಟ್ಯಾಂಕು ಅರ್ಧ ಇಡಬೇಡಿ, ಬಹುಪಾಲು ತುಂಬಿಸಿಡಿ, ಇಲ್ಲವೇ ಪೂರ್ತಿ ತೆಗೆದು ಒರೆಸಿ ಒಣಗಿಸಿ ಇಡಿ.

ಬೋಟಿನವರ ಸಂಘಗಳಿಗೂ ಒಂದು ಮಾತು. ಜುಲೈ ಕೊನೆಯ ವಾರದಲ್ಲಿ ಸಭೆ, ಊಟ ಎಲ್ಲ ಆಗುತ್ತದೆ. ಅದರಲ್ಲಿ ಒಂದು ದಿನ ಒಬ್ಬ ಅನುಭವಿ ಮೆಕ್ಯಾನಿಕ್‌ನನ್ನೂ ಬಡಗಿಯನ್ನೂ ಕರೆದು, ಹಳೆ ಸಣ್ಣ ಬೋಟುಗಳ ಟ್ಯಾಂಕಿನ ತಳವನ್ನು ಸುತ್ತಿಗೆಯ ಹಿಂಬದಿಯಲ್ಲಿ ಬಡಿದು ನೋಡುವ ಕೆಲಸ ಮಾಡಬಹುದಲ್ವಾ? ನಮ್ಮ ಬೋಟಿನ ಕಾಗದ ಎಲ್ಲ ಸರಿಯಾಗಿಯೇ ಇತ್ತು. ನಂಬರು, ಬಣ್ಣ, ಲೈಸೆನ್ಸು ಎಲ್ಲ ನೋಡಿದವರು ಇದ್ದಾರೆ. ಟ್ಯಾಂಕಿನ ಅಡಿಗೆ ಟಾರ್ಚು ಹಾಕಿದವರು ಯಾರೂ ಇಲ್ಲ, ನಾವೂ ಸೇರಿ.

ಹಳೆ ಟ್ಯಾಂಕು ಈಗ ನಮ್ಮ ಮನೆಯ ಹಿಂದೆ ಉಂಟು. ಗುಜರಿಗೆ ಹೋಗಬೇಕಾದ್ದು. ಗುಜರಿ ವ್ಯಾಪಾರ ನಮ್ಮ ಬ್ಯಾರಿಗಳ ಕೈಯಲ್ಲಿ ಎಷ್ಟು ಉಂಟು ಅಂತ ಓದುವವರಿಗೆ ಗೊತ್ತು. ತೂಕಕ್ಕೆ ತೆಗೆದುಕೊಂಡು ಹೋಗಿ ಅಲ್ಲಿ ಗ್ಯಾಸ್ ಕಟ್ಟರ್ ಹಿಡಿಯುವುದು ಯಾರದೋ ಮನೆಯ ಹುಡುಗ. ಟ್ಯಾಂಕಿನೊಳಗೆ ಮೊದಲು ಏನಿತ್ತು ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಬೋಟಿನಿಂದ ಹೊರಗೆ ಹೋದ ಅಪಾಯ ಅವನ ಕೈಗೆ ಹೋಗಬಾರದಲ್ಲ. ಅದಕ್ಕೆ ಲೋಳೆ ಕೆರೆದು ತೆಗೆದು, ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು, ಮೇಲಿನ ಬಾಯಿ ತೆರೆದೇ ಇಟ್ಟಿದ್ದೇವೆ. ಎರಡು ಬದಿಗೂ ಕೆಂಪು ಬಣ್ಣದಲ್ಲಿ "ಡೀಸೆಲ್ ಟ್ಯಾಂಕು, ನೀರು ತುಂಬಿಸದೆ ಕಟ್ ಮಾಡಬೇಡಿ" ಅಂತ ಬರೆದಿದ್ದೇವೆ. ಅಕ್ಷರ ಬರೆದದ್ದು ಏಳನೇ ಕ್ಲಾಸಿನ ಮಗಳು. ಗುಜರಿಯವರು ಶನಿವಾರ ಬರುತ್ತೇನೆ ಅಂದಿದ್ದಾರೆ. ಬಂದಾಗ ಬಾಯಿಮಾತಿನಲ್ಲೂ ಒಮ್ಮೆ ಹೇಳಲಿಕ್ಕುಂಟು.